ಬೂಟಿನ ತುದಿಗೆ ಬರೆದ ಹೊತ್ತು

ಬೆಳಗಿನ ನಾಲ್ಕೂ ಮುಕ್ಕಾಲು. ಗಾಜಿನ ಗೋಡೆಯ ಆಚೆ ಇನ್ನೂ ಬೆಳಕು ಹರಿದಿಲ್ಲ. ದೂರದಿಂದ ಬಂದ ವಿಮಾನವೊಂದು ಇನ್ನೂರು ಚಿಲ್ಲರೆ ಜನರನ್ನು ಈ ಹಜಾರದಲ್ಲಿ ಇಳಿಸಿದೆ. ಎಲ್ಲರೂ ಇಲ್ಲಿಂದ ಇನ್ನೊಂದು ವಿಮಾನ ಹಿಡಿಯಬೇಕಾದವರು. ನೀಲಿ ಕೋಟಿನ ಹೆಂಗಸೊಬ್ಬಳು ಚೀಲ ಎಳೆದುಕೊಂಡು ಕುರ್ಚಿಯಿಂದ ಕುರ್ಚಿಗೆ ಅಲೆಯುತ್ತಿದ್ದಾಳೆ. ಒಂದೊಂದು ಕುರ್ಚಿಗೂ ಎರಡೆರಡು ಕಬ್ಬಿಣದ ಕೈ. ಕೂರಬಹುದು, ಕಾಲು ಚಾಚುವಂತಿಲ್ಲ. ಈ ನಿಲ್ದಾಣದಲ್ಲಿ ಮೂವತ್ತು ಬಗೆಯ ಅತ್ತರು ಸಿಗುತ್ತದೆ, ಬೆನ್ನು ನೆಲಕ್ಕೆ ತಾಗಿಸಲು ಆರಡಿ ಜಾಗ ಸಿಗುವುದಿಲ್ಲ.

ನೆಲ ಒರೆಸುತ್ತಿದ್ದ ಗಿಡ್ಡ ಹೆಂಗಸು ತಲೆ ಎತ್ತುತ್ತಾರೆ. ಮಾತಿಲ್ಲ, ಕಣ್ಣಲ್ಲೇ ಕರೆಯುತ್ತಾರೆ. ಮುಚ್ಚಿದ ಹಣ ಬದಲಾವಣೆ ಕೌಂಟರಿನ ಹಿಂದೆ ಕೈಯಿಲ್ಲದ ನಾಲ್ಕು ಹಳೆಯ ಕುರ್ಚಿಗಳಿವೆ. ನೀಲಿ ಕೋಟು ಅಲ್ಲಿ ದೊಪ್ಪನೆ ಉರುಳಿಕೊಂಡು, ಎದ್ದೇಳಬೇಕಾದ ಹೊತ್ತನ್ನು ಬೆರಳೆಣಿಸಿ ತೋರಿಸುತ್ತಾಳೆ. ಗಿಡ್ಡ ಹೆಂಗಸು ಜೇಬಿನಿಂದ ಹಳದಿ ಟೇಪು ತೆಗೆದು ತುಂಡು ಹರಿದು ಅವಳ ಎಡಗಾಲಿನ ಬೂಟಿನ ತುದಿಗೆ ಅಂಟಿಸಿ, ದಪ್ಪ ಪೆನ್ನಿನಲ್ಲಿ '೯' ಎಂದು ಬರೆಯುತ್ತಾರೆ. ಒಂದೇ ನಿಮಿಷದಲ್ಲಿ ಗೊರಕೆ ಶುರು.

ಇವರನ್ನು ಜೊತೆಯ ಕೆಲಸಗಾರರು ಕರೆಯುವುದು 'ಅಲಾರಾಂ ಅಕ್ಕ' ಎಂದು. ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಈ ಹಜಾರದ ಕಸ, ಕನ್ನಡಿ, ಶೌಚಾಲಯ ಎಲ್ಲ ಇವರ ಪಾಲು. ಮಲಗಿಸಿ ಎಬ್ಬಿಸುವ ಕೆಲಸವನ್ನು ಯಾರೂ ಇವರಿಗೆ ಒಪ್ಪಿಸಿಲ್ಲ. ಹಾಗಿದ್ದೂ ದಿನಕ್ಕೆ ಆರೇಳು ಜನ ಇವರನ್ನು ನಂಬಿ ಕಣ್ಣು ಮುಚ್ಚುತ್ತಾರೆ.

ಹೋದ ವರ್ಷ ಅವರಲ್ಲಿ ನಾನೂ ಒಬ್ಬಳು. ಎಬ್ಬಿಸಿದ್ದೇ ತಡ, ಹಿಂದೆ ತಿರುಗಿ ನೋಡದೆ ಓಡಿದ್ದೆ. ವಿಮಾನದಲ್ಲಿ ಕೂತು ಬೂಟಿನ ಮೇಲಿನ ಹಳದಿ ಟೇಪು ಕಂಡಾಗ ನಾಚಿಕೆಯಾಯಿತು. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಈ ಸಲ ಬೇಕೆಂದೇ ನಡುವೆ ಎಂಟು ಗಂಟೆ ಬಿಡುವಿರುವ ಟಿಕೆಟ್ ಮಾಡಿಸಿಕೊಂಡು ಬಂದಿದ್ದೇನೆ.

"ಯಾರೂ ತಿರುಗಿ ನೋಡಲ್ಲ ಮೇಡಂ," ಎನ್ನುತ್ತಾರೆ ಅಕ್ಕ, ಬಕೆಟ್ ತಳ್ಳುತ್ತಲೇ. "ನೋಡಲೂಬಾರ್ದು. ಹೊತ್ತಾಗಿರುತ್ತಲ್ಲ."

ಹಜಾರದ ಒಳಹೊರಗೆಲ್ಲ ಅವರಿಗೆ ಬಾಯಿಪಾಠ. ಕೈಯಿಲ್ಲದ ಕುರ್ಚಿ ಒಟ್ಟು ಇಪ್ಪತ್ತಾರು, ಅದರಲ್ಲಿ ತಣ್ಣನೆಯ ಗಾಳಿ ನೇರ ಮುಖಕ್ಕೆ ಹೊಡೆಯದವು ಒಂಬತ್ತು. ಹನ್ನೊಂದನೇ ಗೇಟಿನ ಹತ್ತಿರ ಧ್ವನಿವರ್ಧಕ ಕೆಟ್ಟಿದೆ; ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ಕರೆದದ್ದು ಕೇಳಿಸುವುದಿಲ್ಲ. ಕಂಬಳಿಯಂಥದ್ದು ಹಾಸಿರುವ ಮೂಲೆ ಕಂಡು ಮರುಳಾದರೆ ಆರು ಗಂಟೆಗೆ ಧೂಳೆಳೆಯುವ ಯಂತ್ರ ಬಂದು ಕಿವಿಯ ಹತ್ತಿರ ಬೊಬ್ಬೆ ಹೊಡೆಯುತ್ತದೆ. "ಮಗು ಇರೋರಿಗೆ ಕಿಟಕಿ ಪಕ್ಕ ಕೊಡಲ್ಲ. ವಿಮಾನ ನೋಡ್ತಾ ಮಗು ಮಲಗಲ್ಲ, ಮಗು ಮಲಗದೆ ತಾಯಿ ಮಲಗಲ್ಲ."

ಮೊದಲು ಟೇಪು ಇರಲಿಲ್ಲ. ಯಾವ ಕುರ್ಚಿಯಲ್ಲಿ ಯಾರು ಎಂದು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ನಾಲ್ಕು ವರ್ಷದ ಹಿಂದೆ ಕಂದು ಸ್ವೆಟರಿನ ಗಂಡಸೊಬ್ಬ ಕಂಬದಿಂದ ಮೂರನೇ ಕುರ್ಚಿಯಲ್ಲಿ ಮಲಗಿದ. ಚಳಿ ತಡೆಯಲಾರದೆ ನಡುವೆ ಎದ್ದು ಕಂಬದ ಹಿಂದೆ ಹೋದ. ಖಾಲಿ ಜಾಗಕ್ಕೆ ಬೇರೊಬ್ಬ ಬಂದು ಮುಖದ ತುಂಬ ಟವೆಲ್ ಹೊದ್ದು ಮಲಗಿದ. ಹೇಳಿದ ಹೊತ್ತಿಗೆ ಸರಿಯಾಗಿ ಅಕ್ಕ ಟವೆಲಿನವನನ್ನು ಎಬ್ಬಿಸಿ, ಅವನು ಗೊಣಗುತ್ತ ಎದ್ದು ಹೋದದ್ದನ್ನು ಕಂಡು ನಿರಾಳವಾದರು. ಕಂಬದ ಹಿಂದೆ ಒರೆಸಲು ಹೋದಾಗ ಕಂದು ಸ್ವೆಟರ್ ಕಂಡಿತು. ವಿಮಾನ ಹೋಗಿ ಅರ್ಧ ಗಂಟೆಯಾಗಿತ್ತು.

"ಅಪ್ಪ ತೀರ್ಕೊಂಡಿದ್ರಂತೆ. ಮಣ್ಣಿಗೆ ಹೊರಟಿದ್ದ. ಇನ್ನೊಂದು ವಿಮಾನ ಮಾರನೇ ದಿನ." ಅಕ್ಕ ಒರೆಸುವುದನ್ನು ನಿಲ್ಲಿಸುತ್ತಾರೆ. "ಬೈದಿದ್ರೆ ನನಗೆ ಹಗುರಾಗ್ತಿತ್ತು. ನನ್ನ ಡಬ್ಬಿ ಊಟ ಅರ್ಧ ಕೊಟ್ಟೆ, ತಿಂದ. ಸಂಜೆತನಕ ಪಕ್ಕದಲ್ಲಿ ಕೂತಿದ್ದೆ."

ಮರುದಿನವೇ ಒದ್ದೆ ನೆಲದ ಗುರುತಿಗೆಂದು ಕೊಡುವ ಹಳದಿ ಟೇಪು ಬೂಟಿಗೆ ಬಂತು. "ಜಾಗ ಬದಲಾಯಿಸ್ತಾರೆ, ಬೂಟು ಬದಲಾಯಿಸಲ್ಲ," ಎಂದು ಅಕ್ಕ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಪಾಳಿ ಮುಗಿಯುವುದು ಮಧ್ಯಾಹ್ನ ಒಂದಕ್ಕೆ. ಆಮೇಲೆ ಬಸ್ಸು, ಆಮೇಲೆ ಮೂರು ಮಹಡಿ ಮೆಟ್ಟಿಲು, ಆಮೇಲೆ ಒಂಟಿ ಕೋಣೆ. ಇದೇ ನಿಲ್ದಾಣದಲ್ಲಿ ಸಾಮಾನು ಹೊರುತ್ತಿದ್ದ ಗಂಡ ಹೋಗಿ ಎಂಟು ವರ್ಷ. ಮಕ್ಕಳಿಲ್ಲ. ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನವರೆಗೆ ಇವರ ಬಾಯಿಂದ ಮಾತು ಹೊರಡುವ ಸಂದರ್ಭವೇ ಬರುವುದಿಲ್ಲ. ಪ್ರಪಂಚವನ್ನೆಲ್ಲ ಎಬ್ಬಿಸುವ ಈಕೆಯನ್ನು ಎಬ್ಬಿಸಲು ದಿಂಬಿನ ಸುತ್ತ ಮೂರು ಗಡಿಯಾರಗಳಿವೆ. ನಿಮಗೂ ಒಮ್ಮೆ ವಿಮಾನ ಹತ್ತಬೇಕು ಅನ್ನಿಸಲಿಲ್ಲವೇ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ.

"ಹತ್ತಿ ಎಲ್ಲಿಗೆ ಹೋಗ್ಲಿ? ಇಳಿದ ಕಡೆ ಯಾರಿದ್ದಾರೆ ನನಗೆ?"

ಈಗ ಇರುವ ಈ ಕೆಲಸಕ್ಕೂ ಸಂಚಕಾರ ಬಂದಿದೆ. ಹೋದ ತಿಂಗಳು ಎಬ್ಬಿಸಿದಾಗ ಬೆಚ್ಚಿಬಿದ್ದ ಪ್ರಯಾಣಿಕನೊಬ್ಬ, ತನ್ನ ಕಾಲು ಮುಟ್ಟಿದಳೆಂದು ದೂರು ಕೊಟ್ಟ. ಪ್ರಯಾಣಿಕರನ್ನು ಮುಟ್ಟಬಾರದು, ಮಾತಾಡಿಸಬಾರದು ಎಂದು ಎಚ್ಚರಿಕೆ ಪತ್ರ ಬಂತು. ಇನ್ನೊಂದು ಪತ್ರ ಬಂದರೆ ಮಾರನೇ ದಿನ ಗುರುತಿನ ಚೀಟಿಗೆ ಗೇಟು ತೆರೆಯುವುದಿಲ್ಲ. ಆಮೇಲೆ ದಿನವಿಡೀ ಆ ಕೋಣೆಯೇ ಗತಿ. "ನಿಂಗ್ಯಾಕಕ್ಕಾ ಇಲ್ಲದ ಉಸಾಬರಿ" ಎನ್ನುತ್ತಾರೆ ಜೊತೆಯವರು. ಹಾಗಾಗಿ ಈಗ ಎಲ್ಲವೂ ಕಣ್ಸನ್ನೆ. ಎಬ್ಬಿಸಬೇಕಾದಾಗ ಬಕೆಟ್ಟನ್ನು ಕುರ್ಚಿಯ ಕಾಲಿಗೆ ಢಣ್ ಎಂದು ತಾಗಿಸುತ್ತಾರೆ.

ಒಂಬತ್ತಾಗುತ್ತದೆ. ಬಕೆಟ್ ಢಣ್ ಎನ್ನುತ್ತದೆ. ನೀಲಿ ಕೋಟು ಮಿಸುಕುವುದಿಲ್ಲ. ಮತ್ತೆ ಢಣ್. ಕುಂಭಕರ್ಣನ ತಂಗಿಯೇ ಸರಿ. ಹತ್ತು ಹೆಜ್ಜೆ ದೂರದಲ್ಲಿ ಮೇಲ್ವಿಚಾರಕ ನಿಂತಿದ್ದಾನೆ, ಅವನ ತಲೆಯ ಮೇಲೆ ಕ್ಯಾಮೆರಾ. ಒಂಬತ್ತೂ ಹತ್ತು. ಕೊನೆಯ ಕರೆ ಎಂದು ಧ್ವನಿವರ್ಧಕ ಕೂಗುತ್ತದೆ. ನಾನೇ ಎಬ್ಬಿಸೋಣವೆಂದು ಏಳುವಷ್ಟರಲ್ಲಿ ಅಕ್ಕ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಂಡು, ಅವಳ ಭುಜ ಹಿಡಿದು ಗಟ್ಟಿಯಾಗಿ ಅಲ್ಲಾಡಿಸುತ್ತಾರೆ. "ಏಳಮ್ಮಾ, ಏಳು! ಹೋಗುತ್ತೆ ನಿನ್ನ ವಿಮಾನ!"

ನೀಲಿ ಕೋಟು ಕಣ್ಣುಜ್ಜುತ್ತ ಓಡುತ್ತಾಳೆ. ತಿರುಗಿ ನೋಡುವುದಿಲ್ಲ.

"ನಾನು ಎಬ್ಬಿಸ್ತಿದ್ದೆನಲ್ಲ ಅಕ್ಕಾ," ಎಂದು ನಾನು ಒದ್ದಾಡುತ್ತೇನೆ.

"ಅವಳು ನನಗೆ ಹೇಳಿ ಮಲಗಿದ್ದು ಮೇಡಂ, ನಿಮಗಲ್ಲ."

ಮೇಲ್ವಿಚಾರಕ ಕಾಗದ ಹಿಡಿದು ಬರುತ್ತಾನೆ. ಅವನ ಮುಖವೂ ಬಾಡಿದೆ. "ನಾನೇನ್ ಮಾಡ್ಲಿ ಅಕ್ಕಾ, ಕ್ಯಾಮೆರಾದಲ್ಲಿ ಬಿದ್ದಿದೆ. ಯಾಕೆ ಮುಟ್ಟಿದ್ದು ಅಂತ ಬರ್ದು ಕೊಡಿ. ಮೇಲಿನವರು ನೋಡಿ ತೀರ್ಮಾನ ಮಾಡ್ತಾರೆ."

ಅಕ್ಕ ಕಾಗದವನ್ನು ನನ್ನ ಮುಂದೆ ಇಡುತ್ತಾರೆ. "ಬರೆಯೋರು ನೀವು. ಬರ್ದು ಕೊಡಿ."

ಹತ್ತೊಂಬತ್ತು ವರ್ಷದ ನಿಷ್ಠಾವಂತ ಸೇವೆ, ಮಾನವೀಯತೆಯ ದೃಷ್ಟಿಯಿಂದ, ದಯವಿಟ್ಟು ಮನ್ನಿಸಬೇಕು ಎಂದು ನಾನು ಬಾಯಲ್ಲೇ ಸಾಲು ಕಟ್ಟಿ ಹೇಳುತ್ತೇನೆ. ಎರಡು ಸಾಲು ಕೇಳಿ ಅಕ್ಕ ಕೈ ಅಡ್ಡ ಆಡಿಸುತ್ತಾರೆ.

"ಅಷ್ಟುದ್ದ ಬೇಡ. 'ಹೊತ್ತಾಗಿತ್ತು, ಎಬ್ಬಿಸಿದೆ' ಅಂತ ಬರೀರಿ. ಕೆಳಗೆ ಸಹಿ ನಾನು ಹಾಕ್ತೀನಿ."