ಬಾಗಿಲಿನ ಎರಡು ನಂಬರು

ಯಲಹಂಕ ತನ್ನ ನಗರಸಭೆಯನ್ನು ಕಳೆದುಕೊಂಡು ಬೆಂಗಳೂರಿನ ಒಂದು ಭಾಗವಾಗಿ ಆಗ ಹತ್ತು ವರ್ಷ. ಹಳೇ ಪೇಟೆಯ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ನಮ್ಮೂರು ಮಡಕಶಿರದಿಂದ ಹಿಂದೂಪುರದ ಮೇಲೆ ಬರುವ ಬಸ್ಸು ಅಲ್ಲಿ ನಿಲ್ಲುತ್ತದೆಂಬ ಒಂದೇ ಕಾರಣಕ್ಕೆ ನಮ್ಮ ಯಜಮಾನರು ಅದನ್ನು ಕೊಂಡಿದ್ದರು. ಅವರು ಬ್ಯಾಂಕಿಗೆ ಹೊರಟರೆ ಅಡುಗೆಮನೆ, ಬೀದಿಬಾಗಿಲು, ಮಹಡಿಯ ಬಾಡಿಗೆದಾರರು ಎಲ್ಲ ನನ್ನ ಸುಪರ್ದಿ. ನನ್ನ ನೌಕರಿ ಅದೇ. ಅಷ್ಟು ವರ್ಷಗಳ ನೌಕರಿಯಲ್ಲಿ ಒಂದೇ ಒಂದು ಸಲ ಮನುಷ್ಯನ ಮೇಲೆ ಕೈ ಮಾಡಿದ್ದೇನೆ.

ಆ ಬೀದಿಯ ಪ್ರತಿ ಬಾಗಿಲಿಗೂ ಎರಡು ನಂಬರು. ನಗರಸಭೆಯ ಕಾಲದಲ್ಲಿ ಚೌಕಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ ಬರೆದದ್ದು ಒಂದು. ಊರು ಬೆಂಗಳೂರಿಗೆ ಸೇರಿದ ಮೇಲೆ ಬಡಿದ ತಗಡಿನ ಫಲಕದ್ದು ಇನ್ನೊಂದು. ಬೀದಿಯವರೆಲ್ಲ ಹಳೆಯದನ್ನೇ ಹೇಳುತ್ತಿದ್ದೆವು. ಎದುರುಮನೆಯ ಮುನಿಯಮ್ಮ ಅಲ್ಲೇ ಹುಟ್ಟಿ, ಹೂವು ಕಟ್ಟುತ್ತ ಅಲ್ಲೇ ಮುದುಕಿಯಾದವರು. “ಈ ವಯಸ್ನಾಗೆ ನಂಗ್ಯಾಕಮ್ಮ ಎರಡ್ನೇ ಹೆಸ್ರು? ಹೊಸ್ದಾಗಿ ಮದ್ವೆ ಮಾಡ್ತಾರಾ?” ಎಂದು ತಗಡನ್ನು ನೋಡಿ ನಗುತ್ತಿದ್ದರು. ನಾನು ನಮ್ಮ ತಗಡನ್ನು ಶುಕ್ರವಾರ ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಓದಿರಲಿಲ್ಲ.

ಮಹಡಿಯಲ್ಲಿ ರಾಯದುರ್ಗದಿಂದ ಬಂದ ದಂಪತಿಗಳಿದ್ದರು, ತಿಪ್ಪೇಶಿ ಮತ್ತು ಅನಸೂಯ. ಜೀನ್ಸ್ ಹೊಲಿಗೆಯಲ್ಲಿ ಕೈ ಪಳಗಿದವರು. ಅವನು ಬಟ್ಟೆ ಕತ್ತರಿಸುವವನು, ಅವಳು ಮಷೀನಿನಲ್ಲಿ ಜೇಬು ಕೂರಿಸುವವಳು. ಮೆಟ್ಟಿಲ ಬುಡದಲ್ಲಿ ದಿನವೂ ಒಂದು ಚಿಕ್ಕ ರಂಗೋಲಿ ಹಾಕುತ್ತಿದ್ದಳು, ನೂಲು ಹಿಡಿದಂಥ ಎಳೆ. ಒಂದು ಸೋಮವಾರ ಚುಕ್ಕಿಗಳು ಓರೆಯಾಗಿದ್ದವು. ಮಂಗಳವಾರವೂ ಓರೆ. ಬುಧವಾರ ಕಿಟಕಿಯಿಂದ ನೋಡಿದೆ: ಎಡಗೈಯಲ್ಲಿ ಹಾಕುತ್ತಿದ್ದಳು. ಬಲಗೈ ಸೆರಗಿನೊಳಗಿತ್ತು.

“ಕೈಗೇನಾಯ್ತಮ್ಮ?”

“ಏನಿಲ್ರಿ ಅಕ್ಕಾರ. ಬಕೀಟು ಬಿತ್ರಿ.”

ನಾನು ಓದಿದ್ದು ಕಾನ್ವೆಂಟಿನಲ್ಲಿ. ಇನ್ನೊಬ್ಬರ ಮನೆಯ ಮಾತನ್ನು ಎರಡನೇ ಸಲ ಕೇಳುವುದು ಅಸಭ್ಯತೆ ಎಂದು ಸಿಸ್ಟರ್ ಕಲಿಸಿದ್ದರು. “ಅರಿಸಿನ ಹಚ್ಚು” ಎಂದು ಒಳಗೆ ಬಂದೆ.

ಗುರುವಾರ ಹನ್ನೊಂದೂವರೆಗೆ ಮುದ್ದೆ ತಿರುವುತ್ತಿದ್ದಾಗ ಮೇಲೆ ಮಷೀನು ಉರುಳಿದ ಸದ್ದಾಯಿತು. ಆಮೇಲೆ ಗೋಡೆಗೆ ಏನೋ ಬಡಿಯುವ ಸದ್ದು, ಒಂದೇ ಸಮನೆ. ಅದು ತಲೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಊರಿಗೆ ಹೋಗ್ತೀಯೇನ? ನಡಕೊಂಡು ಹೆಂಗ ಹೋಗ್ತಿ ನೋಡ್ತೀನಿ!” ತಿಪ್ಪೇಶಿಯ ದನಿ. ಅವಳ ಕೂಗು ನಡುವೆಯೇ ತುಂಡಾಯಿತು.

ನೂರಕ್ಕೆ ಫೋನ್ ಮಾಡಿದೆ. ವಿಳಾಸವನ್ನು ಅಚ್ಚುಕಟ್ಟಾಗಿ ಹೇಳಿದೆ: “ಮನೆ ನಂಬರ್ ಮೂವತ್ತೆರಡು.” ನಾಲ್ಕು ನಿಮಿಷದಲ್ಲಿ ಜೀಪು ಬಂತು. ನಮ್ಮ ಮನೆಯನ್ನು ದಾಟಿ ಬೀದಿಯ ಆ ತುದಿಗೆ ಹೋಗಿ ನಿಂತಿತು. ಹೊಸ ಲೆಕ್ಕದ ಮೂವತ್ತೆರಡು ಅಲ್ಲಿತ್ತು. ಆ ಮನೆಯವರು ಕೈಯಲ್ಲಾಡಿಸುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು: ಇಲ್ಲೇನೂ ಇಲ್ಲ, ಗಲಾಟೆ ಇಲ್ಲ.

“ಮುನಿಯಮ್ಮಾ, ಜೀಪು ಕರೀರಿ!” ಎಂದು ಕೂಗಿದೆ. ಅವರು ಮಡಿಲ ಹೂವನ್ನು ಬೀದಿಗೆ ಚೆಲ್ಲಿಕೊಂಡೇ ಓಡಿದರು. ನಾನು ಮೆಟ್ಟಿಲು ಹತ್ತಿದೆ. ಐದನೇ ಮೆಟ್ಟಿಲಿನ ಮೇಲೆ ರಕ್ತ, ಅದರಲ್ಲಿ ಎರಡು ಬಳೆಚೂರು. ಮೆಟ್ಟಿಲವರೆಗೆ ಬಂದವಳನ್ನು ಅವನು ಒಳಗೆ ಎಳೆದೊಯ್ದಿದ್ದ.

ಬಾಗಿಲು ತೆರೆದೇ ಇತ್ತು. ಅವಳನ್ನು ನೆಲಕ್ಕೆ ಕೆಡವಿ, ಬಲಗೈಯನ್ನು ಮೊಣಕಾಲಿನ ಕೆಳಗೆ ಒತ್ತಿಹಿಡಿದಿದ್ದ. ಇನ್ನೊಂದು ಕೈಯಲ್ಲಿ ಜೀನ್ಸ್ ಕತ್ತರಿಸುವ ದೊಡ್ಡ ಕತ್ತರಿ. ಅವಳ ಹೆಬ್ಬೆರಳು ಆಗಲೇ ಸೀಳಿಹೋಗಿತ್ತು. “ಹೊಲೀತೀಯೇನ? ಅಲ್ಲಿ ಹೊಲಕೊಂಡು ಬದುಕ್ತೀಯೇನ?” ಎಂದು ಕೇಳುತ್ತಿದ್ದ, ಬಹಳ ಮೆಲ್ಲಗೆ. ಕತ್ತರಿ ಮತ್ತೆ ಬಾಯಿ ತೆರೆಯಿತು.

ನನ್ನ ಕೈಯಲ್ಲಿ ಮುದ್ದೆ ಕೋಲು ಇದ್ದದ್ದು ನನಗೆ ಗೊತ್ತಾದದ್ದೇ ಅದು ಅವನ ಮೊಣಕೈಗೆ ಬಡಿದಾಗ. ಮೂಳೆಯ ಸದ್ದು ಕೇಳಿಸಿತು. ಕತ್ತರಿ ಬಿತ್ತು. ಎರಡನೆಯ ಏಟು ಬುದ್ಧಿಪೂರ್ವಕವಾಗಿ ಹೊಡೆದೆ, ಭುಜಕ್ಕೆ. ಮೂರನೆಯದನ್ನೂ. ಬಿಸಿ ಹಿಟ್ಟು ಅವನ ಕೆನ್ನೆಗೆ ಅಂಟಿತ್ತು.

ಅವನು ಗೋಡೆಗೆ ಒರಗಿ ನನ್ನನ್ನು ಬೆರಗಾಗಿ ನೋಡಿದ. “ಅಕ್ಕಾರ, ನೀವೂ ಹೊಡೀತೀರೇನ್ರಿ?”

“ಊಂ ಕಣಪ್ಪ, ಹೊಡೀತೀನಿ. ಕತ್ತರಿ ಮುಟ್ಟು, ತಲೆಗೇ ಬೀಳ್ತದೆ.”

ಮುನಿಯಮ್ಮ ಪೊಲೀಸರನ್ನು ಕರೆತಂದಾಗ ಹನ್ನೊಂದು ನಲವತ್ತೈದು. ತಿಪ್ಪೇಶಿಯನ್ನು ಜೀಪಿಗೆ ಹತ್ತಿಸಿ ಪೇದೆ ಫಲಕ ನೋಡಿದರು. “ಮೂವತ್ತೆರಡು ಅಂದ್ರಲ್ಲ ಮೇಡಂ, ಇದು ನೂರಾ ಹದಿನೆಂಟು.”

“ನಿಮ್ಗೆ ನೂರಾ ಹದಿನೆಂಟು ಸ್ವಾಮಿ. ನಾನು ಹುಟ್ದಾಗಿಂದ ಅದು ಮೂವತ್ತೆರಡೇ!” ಮುನಿಯಮ್ಮ ಏದುಸಿರಿನಲ್ಲೇ ಜಗಳಕ್ಕೆ ನಿಂತರು.

ಅನಸೂಯಳ ತಲೆಗೆ ಒಂಬತ್ತು ಹೊಲಿಗೆ ಬಿತ್ತು. ಮಣಿಕಟ್ಟಿನ ಮೂಳೆ ನಾಲ್ಕು ದಿನ ಮೊದಲೇ ಮುರಿದಿತ್ತು ಎಂದು ಡಾಕ್ಟರು ಎಕ್ಸ್-ರೇ ತೋರಿಸಿದರು. ಹೆಬ್ಬೆರಳಿನ ನರ ತುಂಡಾಗಿತ್ತು. ಅದು ಮತ್ತೆ ಬಾಗಲಿಲ್ಲ. ಜೀಪು ಮೊದಲ ಸಲಕ್ಕೇ ನಮ್ಮ ಬಾಗಿಲಿಗೆ ನಿಂತಿದ್ದರೆ ಆ ಬೆರಳು ಉಳಿಯುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟೋ ತಿಂಗಳು ಹಾಕಿದೆ.

ಯಜಮಾನರ ನಿವೃತ್ತಿಯಾಗಿ ನಾವು ಮಡಕಶಿರಕ್ಕೆ ಮರಳಿದ ಮೇಲೆ ಒಮ್ಮೆ ಅವಳನ್ನು ನೋಡಲು ರಾಯದುರ್ಗಕ್ಕೆ ಹೋದೆ. ತಾಯಿಯ ಮನೆಯಲ್ಲಿದ್ದಳು. ಬಾಗಿಲಲ್ಲಿ ರಂಗೋಲಿ, ಎಡಗೈಯದು, ಈಗ ಒಂದು ಚುಕ್ಕಿಯೂ ಓರೆಯಿರಲಿಲ್ಲ. “ಬರ್ರಿ ಅಕ್ಕಾರ, ಒಳಗ ಬರ್ರಿ” ಎಂದು ಮಷೀನಿನ ಪಕ್ಕದ ಮಂಚದ ಮೇಲಿದ್ದ ಜೀನ್ಸ್ ರಾಶಿ ಸರಿಸಿ ಕೂರಿಸಿದಳು. ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೇಳಿದೆ: “ತಪ್ಪು ನಂಬರ್ ಹೇಳ್ಬಿಟ್ಟೆ ಕಣಮ್ಮ. ನನ್ನಿಂದ ನಿನ್ನ ಬೆರಳು ಹೋಯ್ತು.”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. “ನಂಬರ್ ಬಿಡ್ರಿ ಅಕ್ಕಾರ, ಅದು ಯಾರಿಗ್ ಗೊತ್ತಿತ್ತು? ಮೂರು ದಿನ ರಂಗೋಲಿ ನೋಡಿದ್ರಲ್ಲ. ಬಕೀಟು ಬಿತ್ತಂದಾಗ ಯಾಕ ಸುಮ್ನಾದ್ರಿ? ಇನ್ನೊಂದು ಸಲ ಕೇಳಿದ್ರ ಹೇಳ್ತಿದ್ದೆ.”

ಅವಳು ಕೊಟ್ಟ ಟೀ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಆಮೇಲೆ ನಾನು ಸಭ್ಯತೆಯನ್ನು ಸ್ವಲ್ಪ ಬಿಟ್ಟಿದ್ದೇನೆ. ಯಾವ ಹೆಂಗಸಾದರೂ ಬಕೆಟ್ ಬಿತ್ತು ಎಂದರೆ, ಒಳಗೆ ಹೋಗಿ ಆ ಬಕೆಟ್ ತೋರಿಸು ಎನ್ನುತ್ತೇನೆ.