ಬೆನ್ನ ಹಿಂದಿನ ಅಲೆ

ಇಂಥ ಕತೆ ಯಾರಾದರೂ ಹೇಳಿದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ಓದಿದ್ದು ನಾಲ್ಕನೇ ಕ್ಲಾಸಾದರೂ ದೆವ್ವ, ಶಕುನ ಅಂತ ಹೆದರಿದವಳಲ್ಲ. ಈಗ ನನ್ನದೇ ಒಂದು ಹೇಳಬೇಕಾಗಿದೆ. ನಗೋದಾದರೆ ನಗಿ, ಪೂರ್ತಿ ಕೇಳಿ ನಗಿ.

ನಮ್ಮ ಮೊಮ್ಮಗಳು ಚಿನ್ನಿಗೆ ನಾಲ್ಕು ವರ್ಷ ತುಂಬುತ್ತಾ ಬಂದರೂ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಅಂತ ಮಧುಗಿರಿ ಡಾಕ್ಟರು ಹೇಳಿದ್ದರು. ಎಷ್ಟು ಅಂತ ಕಾಯೋದು? ಮಿಡಿಗೇಶಿ ಬಸ್ಸಲ್ಲಿ ಕಂಡವರೆಲ್ಲ "ಮಗೀಗೆ ಮಾತು ಬಂತಾ?" ಅಂತ ಕೇಳೋರು. "ಬಂತು" ಅನ್ನೋ ಒಂದು ಮಾತು ಹೇಳೋಕೆ ನನ್ನ ಜೀವ ಹಾತೊರೀತಿತ್ತು.

ಆ ವರ್ಷ ಮಗಳು, ಅಳಿಯ ನಮ್ಮನ್ನೆಲ್ಲ ಸಮುದ್ರ ನೋಡೋಕೆ ಕರಕೊಂಡು ಹೋದರು. ಕೆರೆ ತುಂಬಿದರೆ ಗಂಗಮ್ಮನಿಗೆ ಬಾಗಿನ ಕೊಡೋರು ನಾವು. ಅಷ್ಟು ನೀರಿನ ಮುಂದೆ ಬರಿಗೈಲಿ ನಿಲ್ಲೋದು ಹೆಂಗೆ? ಚಿಕ್ಕ ಮೊರದಲ್ಲಿ ಅಕ್ಕಿ, ಅರಿಶಿನ, ಕುಂಕುಮ, ಬಳೆ ಜೋಡಿಸಿ ಊರಿಂದಲೇ ತಂದಿದ್ದೆ. ಸಂಜೆ ಬಿಸಿಲಲ್ಲಿ ನೀರಿಗಿಳಿದು ಮೊರ ತೇಲಿಬಿಟ್ಟೆ. ಅಲೆ ಅದನ್ನು ತಂದು ನನ್ನ ಕಾಲಿಗೇ ಹಾಕಿತು. ಮತ್ತೆ ಬಿಟ್ಟೆ, ಮತ್ತೆ ತಂದು ಹಾಕಿತು. ಕೆರೆ ಏರಿ ಮೇಲಿಂದ ಬಿಟ್ಟ ಬಾಗಿನ ಒಂದು ದಿನವೂ ಹಿಂಗೆ ವಾಪಸು ಬಂದಿಲ್ಲ.

ಯಜಮಾನರು ದಡದಲ್ಲಿ ನಿಂತು, "ಲೇ, ನೀನು ಆಯಮ್ಮಂಗೆ ಬಾಗಿನ ಕೊಡ್ತಿದ್ದೀಯೋ, ಆಯಮ್ಮನೇ ನಿಂಗೆ ಮಡ್ಲು ತುಂಬ್ತಾವ್ಳೋ?" ಅಂತ ನಕ್ಕರು. ನನಗೆ ಅಳು ಬಂತು. ಮಗುವಿಗೋಸ್ಕರ ಕೊಟ್ಟಿದ್ದನ್ನು ಗಂಗಮ್ಮ ಒಲ್ಲೆ ಅಂದಳಲ್ಲ.

"ಅತ್ತೆ, ರಾಗಿ ಹೊಲದ ಮೇಲೆ ಗಾಳಿ ಬೀಸಿದಾಗ ಅಲೆ ಓಡಿ ಬರಲ್ವಾ? ಪೈರು ಓಡಿ ಬರ್ತದಾ? ನಿಂತಲ್ಲೇ ಬಾಗಿ ಏಳ್ತದೆ. ಆಳದಲ್ಲಿ ನೀರೂ ಅಂಗೇನೆ," ಅಂದ ಅಳಿಯ. ಎಲ್ಲೋ ದೂರದ ಗಾಳಿ ಎಬ್ಬಿಸಿದ ಅಲೆ ದಡಕ್ಕೆ ಬರುವಾಗ ಅದರ ಬುಡಕ್ಕೆ ನೆಲ ತಗಲಿ ನಿಧಾನ ಆಗ್ತದಂತೆ, ತಲೆ ಮಾತ್ರ ಮುಂದಕ್ಕೆ ನುಗ್ಗಿ ಮಗುಚಿ ಬೀಳ್ತದಂತೆ. ಬಿದ್ದ ನೀರು ಸಿಕ್ಕಿದ್ದನ್ನೆಲ್ಲ ದಡಕ್ಕೆ ನೂಕ್ತದಂತೆ. ಚೆನ್ನಾಗಿ ಹೇಳಿದ. ನನಗೂ ತಿಳೀತು. ಆದರೂ ಕಾಲ ಹತ್ತಿರ ಬಿದ್ದಿದ್ದ ಮೊರ ಎತ್ತಿಕೊಂಡೆ.

ಚಿನ್ನಿಯನ್ನು ಸೊಂಟಕ್ಕೆ ಎತ್ತಿಕೊಂಡೆ. ಅಲೆಗೆ ಹೆದರಿ ಅದು ನನ್ನ ಹೆಗಲಲ್ಲಿ ಮುಖ ಹುದುಗಿಸಿತ್ತು, ಬೆನ್ನು ಸಮುದ್ರಕ್ಕೆ. ಮೊರವನ್ನು ಇನ್ನೊಂದು ಸಲ ನೀರಿಗಿಟ್ಟು ಕಣ್ಣು ಮುಚ್ಚಿದೆ. ನನ್ನ ಮಗೀಗೆ ಮಾತು ಬಂತು ಅಂತ ಊರಲ್ಲಿ ಹೇಳೋ ಹಂಗೆ ಮಾಡವ್ವ ಅಂತ ಮನಸ್ಸಲ್ಲೇ ಬೇಡಿಕೊಂಡೆ.

"ಬಂತು."

ನನ್ನ ಕಿವಿ ಪಕ್ಕದಲ್ಲೇ. ಮಗಳೂ ಕೇಳಿಸಿಕೊಂಡಳು, ಕೈಲಿದ್ದ ಚಪ್ಪಲಿ ಬಿಟ್ಟುಬಿಟ್ಟಳು. ಕಣ್ಣು ಬಿಟ್ಟು ನೋಡಿದರೆ ಸಮುದ್ರದಲ್ಲಿ ಸಣ್ಣ ಸಣ್ಣ ಅಲೆ ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ನೀರು ಗೋಡೆಯಂಗೆ ಎದ್ದು ಬಂದು ನಮ್ಮನ್ನೆಲ್ಲ ಸೊಂಟದವರೆಗೆ ನೆನೆಸಿತು. ಕಾಲಡಿಯ ಮರಳು ಸರಕ್ಕನೆ ಜಾರಿತು. ವಾಪಸು ಹೋಗೋ ನೀರಿನ ಜೊತೆ ಮೊರವೂ ಹೋಯಿತು. ಮತ್ತೆ ಬರಲಿಲ್ಲ.

ಆಮೇಲೆ ಹೊತ್ತು ಮುಳುಗೋವರೆಗೂ ಅದೇ. ಸಮುದ್ರ ಸುಮ್ಮನಿರೋದು, ಹೆಗಲಲ್ಲಿ ಮುಖ ಇಟ್ಟೇ ಚಿನ್ನಿ "ಬಂತು" ಅನ್ನೋದು, ದೊಡ್ಡ ಅಲೆ ಬರೋದು. ಒಂದು ಸಲವೂ ತಪ್ಪಲಿಲ್ಲ. ಸಣ್ಣವುಗಳ ನಡುವೆ ದೊಡ್ಡ ಅಲೆಗಳು ಆಗಾಗ ಗುಂಪಾಗಿ ಬರೋದು ಸಹಜ ಅಂದ ಅಳಿಯ. ಸಹಜವೇ ಇರಲಿ, ನೋಡದೆ ಹೆಂಗೆ ಗೊತ್ತಾಯಿತು ಅಂದೆ.

ಈಗ ಚಿನ್ನಿ ಬಾಯಿ ಮುಚ್ಚಿಸೋರಿಲ್ಲ! ಇಸ್ಕೂಲಲ್ಲಿ ಮೇಡಂ ಬೈತಾರೆ, ಮನೇಲಿ ಯಜಮಾನರು ರೇಡಿಯೋ ಆರಿಸ್ತಾರೆ, ನಾನು ಮಾತ್ರ ಕೇಳ್ತಾ ಕೂತಿರ್ತೀನಿ. ಮೊನ್ನೆ ಕೇಳೇಬಿಟ್ಟೆ, ಅಲೆ ಬರೋದು ನಿಂಗೆ ಹೆಂಗೆ ಗೊತ್ತಾಯ್ತು ಕಣಮ್ಮ ಅಂತ.

"ನಂಗೇನು ಗೊತ್ತು ಅಜ್ಜಿ? ನೀನು ಬಂತು ಬಂತು ಅಂತಿದ್ದೆ, ನಾನೂ ಅಂದೆ."

ಮೊದಲನೇದು ಸರಿ, ನಾನು ಮನಸ್ಸಲ್ಲಾದರೂ ಅಂದುಕೊಂಡಿದ್ದೆ. ಆಮೇಲಿನವನ್ನ ಅದಕ್ಕೆ ಹೇಳಿದ್ದು ಯಾರು? ಆಗ ನಾನು ಸಂತೋಷಕ್ಕೆ ಗೊಳೋ ಅಂತ ಅಳ್ತಾ ನಿಂತಿದ್ದೆ, ನನ್ನೊಳಗೆ ಒಂದು ಮಾತೂ ಇರಲಿಲ್ಲ.