ನಾಳೆ ಹೆಚ್ಚು ಹೊತ್ತು ಇರ್ತೀರಾ?

ಬಂಗಾರಪೇಟೆಯ ಹೊಲಿಗೆ ಫ್ಯಾಕ್ಟರಿಯಲ್ಲಿ ನಾನು ಅರ್ಧ ದಿನದ ಕೆಲಸಕ್ಕೇ ಸೇರಿದ್ದು ಅಪ್ಪನಿಗಾಗಿ. ನಮ್ಮ ಮನೆ ಗಣಿ ಕಾರ್ಮಿಕರ ಕೋರಮಂಡಲ್ ಲೈನಿನಲ್ಲಿ; ಅಲ್ಲಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದೆ. ಅಮ್ಮ ತೀರಿಕೊಂಡಿದ್ದಳು. ಅಪ್ಪ ಚಿನ್ನದ ಗಣಿಗೆ ಇಳಿದೂ ಇಳಿದೂ ಎದೆ ಹಾಳು ಮಾಡಿಕೊಂಡವನು. ಗಣಿ ಮುಚ್ಚಿ ಎಷ್ಟೋ ವರ್ಷದ ಮೇಲೆ ಮರೆವೂ ಶುರುವಾಯಿತು. ಮಧ್ಯಾಹ್ನ ನಾನು ಬಂದು ಮುದ್ದೆ ಇಟ್ಟರೆ ಮಾತ್ರ ಉಣ್ಣುತ್ತಿದ್ದ.

ಗಣಿಯವರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಪಾಳಿ ಮುಗಿದರೂ ಮನೆಯವರು ಬರದಿದ್ದರೆ ಒಲೆ ಆರಿಸಿ, ಗಣಿಯೊಳಕ್ಕೆ ಇಳಿಯುವ ಶಾಫ್ಟಿನ ಗೇಟಿಗೆ ಹೋಗಿ ನಿಲ್ಲುವುದು. ಕೆಳಗಿದ್ದವರು ಮೇಲೆ ಬರುವ ತನಕ ಕದಲುವಂತಿಲ್ಲ. ಅಮ್ಮನ ಸೆರಗು ಹಿಡಿದು ನಾನೂ ಹಾಗೆ ನಿಂತವಳೇ.

ಆ ದಿನ ಸುಡುವ ಬಿಸಿಲು. ಮಧ್ಯಾಹ್ನ ಚೀಲ ಎತ್ತಿಕೊಂಡು ಹೊರಟವಳನ್ನು ಸೂಪರ್‌ವೈಸರ್ ಬಾಗಿಲಲ್ಲೇ ತಡೆದ. ಸಂಜೆಗೆ ಮಾಲು ಒಯ್ಯಲು ಲಾರಿ ಬರುತ್ತದೆ, ಯಾರೂ ಹೋಗಕೂಡದು ಎಂದ.

"ಸಾರ್, ನಂದು ಅರ್ಧ ದಿನ. ಮನೇಲಿ ಅಪ್ಪ ಕಾಯ್ತಾ ಇರ್ತಾನೆ, ಓಗ್ಬೇಕು."

"ಎಲ್ರ ಮನೇಲೂ ಯಾರೋ ಒಬ್ರು ಕಾಯ್ತಾನೇ ಇರ್ತಾರೆ. ಹೋದ್ರೆ ನಾಳೆಯಿಂದ ಬರಬೇಡ."

ಫೋನುಗಳೆಲ್ಲ ಸೆಕ್ಯುರಿಟಿಯವನ ಹತ್ತಿರ. ಹೊಟ್ಟೆಪಾಡು, ಮತ್ತೆ ಮಿಷಿನ್ನಿಗೆ ಕೂತೆ. ನಾನು ಹತ್ತಬೇಕಿದ್ದ ರೈಲು ಕೂಗಿಕೊಂಡು ಹೋಯಿತು. ಆ ಮನುಷ್ಯನ ಮೇಲಿನ ಸಿಟ್ಟು ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ.

ಸಂಜೆ ಬಂದರೆ ಮನೆ ಬಾಗಿಲು ತೆರೆದಿತ್ತು, ಅಪ್ಪನಿಲ್ಲ. ನನಗೆ ಗೊತ್ತಾಗಿಹೋಯಿತು. ಮುಚ್ಚಿದ ಶಾಫ್ಟಿನ ಕಡೆಗೆ ಓಡಿದೆ. ತುಕ್ಕು ಹಿಡಿದ ಗೇಟಿನ ಬುಡದಲ್ಲಿ ಅಪ್ಪ ಬಿದ್ದಿದ್ದ. ಮೇಕೆ ಮೇಯಿಸುವವನೊಬ್ಬ ನೀರು ಕುಡಿಸುತ್ತಿದ್ದ.

"ಎಷ್ಟು ಕರುದ್ರೂ ನೆಳ್ಳಿಗೆ ಬರ್ಲಿಲ್ಲ ಅಕ್ಕಾ. ಮಗ್ಳು ಕೆಳ್ಗವ್ಳೆ, ಮ್ಯಾಲಕ್ಕೆ ಬರೋಗಂಟ ಬರಾಕಿಲ್ಲ ಅಂದ."

ಅಪ್ಪ ನನ್ನ ಮುಖ, ತಲೆ, ತೋಳು ಎಲ್ಲ ಸವರಿ ನೋಡಿದ. "ಬಂದ್ಯಾ ತಾಯಿ? ಏಟೇನೂ ಆಗಿಲ್ವಲ್ಲಾ?" ಎಂದ. ಆಸ್ಪತ್ರೆ ಮುಟ್ಟುವ ಮೊದಲೇ, ಆಟೋದಲ್ಲಿ, ನನ್ನ ತೊಡೆಯ ಮೇಲೆ ಹೋಗಿಬಿಟ್ಟ.

ಈಗ ಫ್ಯಾಕ್ಟರಿಯಲ್ಲಿ ಹೊಸ ನಿಯಮ ಬಂದಿದೆ. ಅರ್ಧ ದಿನದವರನ್ನು ಹೆಚ್ಚು ಹೊತ್ತು ಇರಿಸಿಕೊಳ್ಳಬೇಕಾದರೆ ಹಿಂದಿನ ದಿನವೇ ಕೇಳಬೇಕು, ಒಪ್ಪದಿದ್ದರೆ ಬಲವಂತ ಮಾಡುವಂತಿಲ್ಲ. ಗೋಡೆಗೆ ಅಂಟಿಸಿದ್ದಾರೆ. ಮೊದಲ ಸಲ ಓದಿದ ದಿನ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಮೊನ್ನೆ ಅದೇ ಸೂಪರ್‌ವೈಸರ್ ಮೆತ್ತಗೆ ಬಂದು ಕೇಳಿದ. "ನಾಳೆ ಹೆಚ್ಚು ಹೊತ್ತು ಇರ್ತೀರಾಮ್ಮ? ಮನೇಲಿ ತೊಂದ್ರೆ ಇದ್ರೆ ಬೇಡ."

"ಇರ್ತೀನಿ ಸಾರ್," ಎಂದೆ. "ಕಾಯೋರು ಯಾರೂ ಇಲ್ಲ."